ಅಡುಗೆ ಮಾಡುವುದು, ಅದನ್ನೇ ಬರೆಯುವುದು: ಶಿರಸಿ ಸೀಮೆಯವರಿಗೊಂದು ದಾರಿ

ನನ್ನ ಮೊದಲ ಅಡುಗೆ ಲೇಖನ ಅಚ್ಚಾಗಿ ನಾಲ್ಕು ದಿನವಾಗಿತ್ತು. ರಾಯಚೂರಿನಿಂದ ಒಬ್ಬರು ಫೋನ್ ಮಾಡಿದರು. "ನೀವು ಹೇಳಿದ ಹಾಗೇ ಅಪ್ಪೆಹುಳಿ ಮಾಡಿದೆ. ಗೊಜ್ಜಿನ ಹಾಗೆ ಗಟ್ಟಿಯಾಯ್ತು, ಹುಳಿಯೂ ಇಲ್ಲ. ಇದನ್ನ ಕುಡಿಯೋದು ಹೇಗ್ರಿ?" ನಾನು ಬರೆದದ್ದು ಇಷ್ಟೇ: "ಒಂದು ಮಾವಿನಕಾಯಿ ಬೇಯಿಸಿ, ಕಿವುಚಿ, ಬೇಕಾದಷ್ಟು ನೀರು ಬೆರೆಸಿ, ಉಪ್ಪು ಹಾಕಿ ಒಗ್ಗರಣೆ ಕೊಡಿ." ಅವರಿಗೆ ಪೇಟೆಯಲ್ಲಿ ಸಿಕ್ಕಿದ್ದು ಅರ್ಧ ಕಿಲೋ ತೂಗುವ ತೋತಾಪುರಿ. ನಮ್ಮ ಮನೆ ಹಿಂದಿನ ಮರದ ಕಾಯಿ ಮುಷ್ಟಿಯೊಳಗೆ ಅಡಗುತ್ತದೆ, ಹುಳಿ ಮಾತ್ರ ನೆತ್ತಿಗೇರುತ್ತದೆ. ತಪ್ಪು ಅವರದ್ದಲ್ಲ, ನನ್ನದು.

ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಯ ಹುಡುಗ ಹುಡುಗಿಯರು ಈಗೀಗ ಆಗಾಗ ಕೇಳುತ್ತಾರೆ: ಸಸ್ಯಾಹಾರಿ ಅಡುಗೆಯನ್ನೇ ನೆಚ್ಚಿಕೊಂಡು, ಅದರ ಬಗ್ಗೆ ಬರೆದುಕೊಂಡು ಬದುಕಬಹುದಾ ಅಂತ. ಬದುಕಬಹುದು. ಚೆನ್ನಾಗಿ ಅಡುಗೆ ಮಾಡುವವರಿಗೆ ನಮ್ಮಲ್ಲಿ ಬರ ಇಲ್ಲ. ಚೆನ್ನಾಗಿ ಬರೆಯುವವರೂ ಇದ್ದಾರೆ. ಎರಡನ್ನೂ ಜೋಡಿಸುವ ಒಂದು ಸಾಮಾನು ಮಾತ್ರ ಬಹಳ ಮನೆಗಳಲ್ಲಿ ಇರುವುದಿಲ್ಲ. ಅದು ತಕ್ಕಡಿ.

ಮೊದಲ ಹೆಜ್ಜೆ: ಪಂಕ್ತಿ ಅಡುಗೆಯವರ ಜೊತೆ ಎರಡು ಸೀಸನ್

ಮನೆಯಲ್ಲಿ ನಾಲ್ಕು ಜನಕ್ಕೆ ಮಾಡಿ ಹೊಗಳಿಸಿಕೊಂಡವರು ಸೀದಾ ಕ್ಯಾಮೆರಾ ಮುಂದೆ ನಿಂತುಬಿಡುತ್ತಾರೆ. ಅದಕ್ಕೂ ಮೊದಲು ನಿಮ್ಮೂರಿನ ಅಡುಗೆ ಭಟ್ಟರನ್ನು ಹಿಡಿಯಿರಿ. ಸಂಕ್ರಾಂತಿ ಕಳೆದ ಮೇಲೆ ಮಳೆಗಾಲ ಹಿಡಿಯುವ ತನಕ ಮದುವೆ, ಉಪನಯನ, ಗೃಹಪ್ರವೇಶ ಅಂತ ಅವರಿಗೆ ಬಿಡುವೇ ಇರುವುದಿಲ್ಲ. ಕೈ ಸೇರಿಸುವವರು ಬಂದರೆ ಬೇಡ ಅನ್ನುವವರು ಕಡಿಮೆ.

ಮೊದಲ ತಿಂಗಳು ಒಲೆ ಹತ್ತಿರ ಬಿಡುವುದಿಲ್ಲ. ಕಾಯಿ ತುರಿಯುವುದು, ತರಕಾರಿ ಹೆಚ್ಚುವುದು, ಬಾಳೆಎಲೆ ಒರೆಸುವುದು, ಅಷ್ಟೇ. ಬೇಜಾರು ಮಾಡಿಕೊಳ್ಳಬೇಡಿ. ನೂರು ಕಾಯಿ ತುರಿದವರಿಗೆ ಎಳೆಕಾಯಿ ಯಾವುದು, ಬಲಿತದ್ದು ಯಾವುದು ಅಂತ ಕೈಯೇ ಹೇಳುತ್ತದೆ. ಪಲ್ಯಕ್ಕೆ ಯಾವುದು, ಹಾಲು ತೆಗೆಯಲು ಯಾವುದು ಅಂತ ಆಮೇಲೆ ಯಾರನ್ನೂ ಕೇಳಬೇಕಾಗಿಲ್ಲ.

ನಾನು ಕಲಿತ ಭಟ್ಟರು ಮಾತು ಕಡಿಮೆ. ಒಂದು ಸಲ ಸಾರಿನ ಕೊಪ್ಪರಿಗೆಗೆ ಉಪ್ಪಿನ ಬಟ್ಟಲು ಎತ್ತಿದ್ದೆ. ಮೊಣಕೈ ಹಿಡಿದು ನಿಲ್ಲಿಸಿದರು. "ತಂಗೀ, ಉಪ್ಪು ಹಾಕ್ಲಕ್ಕು, ತೆಗ್ಯಲೆ ಆಗ್ತಿಲ್ಲೆ." ಹಾಕಬಹುದು, ತೆಗೆಯಲು ಆಗುವುದಿಲ್ಲ ಅಂತ. ಆ ಸೀಸನ್‌ನಲ್ಲಿ ಅವರು ನನಗೆ ಮಾಡಿದ ಪಾಠ ಅದೊಂದೇ ಅನ್ನಬಹುದು. ಉಳಿದದ್ದೆಲ್ಲ ನೋಡಿ ಕಲಿತದ್ದು.

ಅಲ್ಲಿ ಸಿಗುವ ದೊಡ್ಡ ವಿದ್ಯೆ ಅಳತೆ ಹಿಗ್ಗಿಸುವುದು. ನಾನೇ ಹೊಣೆ ಹೊತ್ತು ಮಾಡಿದ ಮೊದಲ ಊಟ 200 ಜನರ ಉಪನಯನದ್ದು. ನಾಲ್ಕು ಜನರ ಹುಳಿಯ ಲೆಕ್ಕವನ್ನು 50ರಿಂದ ಗುಣಿಸಿ ಚೀಟಿ ಬರೆದುಕೊಂಡು ಹೋಗಿದ್ದೆ. ಹುಳಿ ನೀರು ನೀರಾಯಿತು, ಖಾರ ಮಾತ್ರ ಕಿವಿಯಲ್ಲಿ ಹೊಗೆ ಬರುವ ಹಾಗಿತ್ತು. ದೊಡ್ಡ ಪಾತ್ರೆಯಲ್ಲಿ ನೀರು ಆವಿಯಾಗುವುದು ಅದರ ಗಾತ್ರಕ್ಕೆ ಹೋಲಿಸಿದರೆ ಕಡಿಮೆ. ಅಷ್ಟು ಹೊತ್ತು ಕುದಿಯುವಾಗ ಮೆಣಸು, ಇಂಗು ಜಾಸ್ತಿ ಬಿಟ್ಟುಕೊಳ್ಳುತ್ತವೆ. ಈಗ ನನ್ನ ಲೆಕ್ಕ ಹೀಗೆ: ಬೇಳೆ, ತರಕಾರಿ, ಕಾಯಿ ಪೂರ್ತಿ ಗುಣಿಸುತ್ತೇನೆ. ನೀರು ಮುಕ್ಕಾಲು ಭಾಗದಿಂದ ಶುರು. ಮೆಣಸು, ಇಂಗು, ಒಗ್ಗರಣೆ ಎಣ್ಣೆ ಮೂರರಲ್ಲಿ ಎರಡು ಭಾಗ. ಉಪ್ಪು ಮುಕ್ಕಾಲು ಹಾಕಿ, ಕಡೆಗೆ ರುಚಿ ನೋಡಿ ಉಳಿದದ್ದು. ಅಕ್ಕಿ ಹತ್ತು ಜನಕ್ಕೆ ಒಂದು ಕಿಲೋಗಿಂತ ಸ್ವಲ್ಪ ಮೇಲೆ. ಊಟಕ್ಕೆ ಸಿಹಿ ಎರಡಿದ್ದರೆ ಒಂದೇ ಕಿಲೋ ಸಾಕು.

ಇನ್ನೊಂದು ಮಾತು ತಂಬುಳಿಯ ಬಗ್ಗೆ. ಅದನ್ನು ಕುದಿಸುವುದಿಲ್ಲ. ಹಸಿ ಕಾಯಿ, ಮಜ್ಜಿಗೆ ಎರಡೂ ಅದರಲ್ಲಿವೆ. ಏಪ್ರಿಲ್ ಸೆಕೆಯಲ್ಲಿ ಬೆಳಿಗ್ಗೆಯೇ ಬೆರೆಸಿಟ್ಟರೆ ಎರಡನೇ ಪಂಕ್ತಿಗೆ ಹುಳಿ ಬಂದಿರುತ್ತದೆ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಹುರಿದು ಇಟ್ಟುಕೊಳ್ಳಿ. ಕಾಯಿ ಹಾಕಿ ಬೀಸಿ ಮಜ್ಜಿಗೆ ಬೆರೆಸುವುದು ಎಲೆ ಹಾಕುವ ಹೊತ್ತಿಗೆ ಆಗಲಿ, ಅದೂ ಪಂಕ್ತಿಗೆ ಒಂದು ಸಲ. ಬಿಸಿ ಅಡುಗೆ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ತಣ್ಣಗಿನದು 5 ಡಿಗ್ರಿಯೊಳಗೆ. ನಡುವೆ ತಾಸುಗಟ್ಟಲೆ ಕೂತ ಅನ್ನವನ್ನು ಚಿತ್ರಾನ್ನ ಮಾಡಿ ದಾಟಿಸುವ ಅಭ್ಯಾಸ ಇದ್ದರೆ ಈಗಲೇ ಬಿಡಿ.

ಎರಡನೇ ಹೆಜ್ಜೆ: ತಕ್ಕಡಿ ಕೊಳ್ಳಿ, ನೋಟ್‌ಬುಕ್ ಇಡಿ

ಒಂದು ಗ್ರಾಂ ತನಕ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ದುಬಾರಿ ಏನಲ್ಲ. ನಮ್ಮ ಅಮ್ಮಮ್ಮಂದಿರು ಕೈಯಳತೆಯಲ್ಲೇ ಹಾಕುತ್ತಾರೆ, ಸರಿ. ನಾನು ಮಾಡಿದ ಉಪಾಯ ಹೇಳುತ್ತೇನೆ. ಅಮ್ಮಮ್ಮನಿಗೆ ಏನೂ ಹೇಳಲಿಲ್ಲ. ಸಾಮಾನಿನ ಡಬ್ಬಗಳನ್ನೆಲ್ಲ ಅಡುಗೆಗೆ ಮೊದಲು ತೂಗಿಟ್ಟೆ, ಆದ ಮೇಲೆ ಮತ್ತೆ ತೂಗಿದೆ. ಕಳೆದರೆ ಅವಳ ಕೈಯಳತೆ ಸಿಕ್ಕಿತು. ಮೂರು ಸಲ ಹೀಗೆ ಮಾಡಿದೆ. ಅವಳ "ಒಂದು ಚಿಟಿಕೆ ಬೆಲ್ಲ" 14 ಗ್ರಾಂ ಇತ್ತು! ಕೇಳಿದರೆ ಅವಳಿಗೂ ನಗು.

ಉಪ್ಪಿನ ವಿಷಯದಲ್ಲಂತೂ ಚಮಚವನ್ನು ನಂಬಲೇಬೇಡಿ. ಪುಡಿಯುಪ್ಪು ಒಂದು ಟೀ ಚಮಚಕ್ಕೆ ಸುಮಾರು 6 ಗ್ರಾಂ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರದ ಕಲ್ಲುಪ್ಪನ್ನು ಅದೇ ಚಮಚದಲ್ಲಿ ತುಂಬಿದರೆ ಹರಳು ಎಷ್ಟು ದಪ್ಪ ಅನ್ನುವುದರ ಮೇಲೆ ತೂಕ ಬದಲಾಗುತ್ತದೆ. ನಾವು ಕಲ್ಲುಪ್ಪು ಹಾಕಿ ಬರೆಯುತ್ತೇವೆ, ಓದುವವರು ಪುಡಿಯುಪ್ಪು ಹಾಕುತ್ತಾರೆ. ಆಮೇಲೆ "ಮಲೆನಾಡಿನವರು ಉಪ್ಪು ಜಾಸ್ತಿ ತಿಂತಾರೆ" ಅನ್ನುವ ಮಾತು ಬೇರೆ.

ನೋಟ್‌ಬುಕ್‌ನಲ್ಲಿ ತಾರೀಕು, ತೂಕ, ಪಾತ್ರೆಯ ಗಾತ್ರ, ಹಿಡಿದ ಹೊತ್ತು, ಉಂಡವರು ಏನಂದರು ಅನ್ನುವುದಿರಲಿ. ಕೆಟ್ಟು ಹೋದದ್ದನ್ನೂ ಬರೆದಿಡಿ. ನನಗೆ ಆಮೇಲೆ ಕೆಲಸಕ್ಕೆ ಬಂದದ್ದು ಕೆಟ್ಟ ಪುಟಗಳೇ.

ಮೂರನೇ ಹೆಜ್ಜೆ: ನಿಮ್ಮ ಸೀಮೆಯ ತಿಂಗಳುಗಳನ್ನು ತಿಳಿದುಕೊಳ್ಳಿ

ಪನೀರ್ ಬಟರ್ ಮಸಾಲಾ ಬರೆಯುವವರು ದೇಶದ ತುಂಬ ಇದ್ದಾರೆ. ಕಾಡಿನ ಉಪ್ಪಾಗೆ ಹಣ್ಣಿನ ಬೀಜದಿಂದ ತೆಗೆಯುವ ತುಪ್ಪದ ಬಗ್ಗೆ ಸರಿಯಾಗಿ ಬರೆಯಬಲ್ಲವರು ಎಷ್ಟು ಜನ? ನಿಮ್ಮ ಬಂಡವಾಳ ಇಲ್ಲಿದೆ.

ಚಳಿಗಾಲದಲ್ಲಿ ಆಲೆಮನೆ. ಕಬ್ಬಿನ ಹಾಲು, ನೊರೆಬೆಲ್ಲ, ಜೋನಿಬೆಲ್ಲ. ಅದೇ ಹೊತ್ತಿಗೆ ತೊಡದೇವು. ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಹೊಟ್ಟೆಗೆ ಎಣ್ಣೆ ಸವರಿ, ಕಬ್ಬಿನ ಹಾಲಲ್ಲಿ ಕಲಸಿದ ತೆಳು ಅಕ್ಕಿಹಿಟ್ಟಿನಲ್ಲಿ ಬಟ್ಟೆ ಅದ್ದಿ ಒಂದೇ ಎಳೆತಕ್ಕೆ ಎಳೆಯುತ್ತಾರೆ. ಕಾಗದದ ಹಾಗೆ ಎದ್ದು ಬರುತ್ತದೆ. ಬಿಸಿ ಇರುವಾಗಲೇ ಮಡಚಬೇಕು, ಅರೆ ನಿಮಿಷ ತಡವಾದರೆ ಚೂರು ಚೂರು. ಇದನ್ನು ಒಮ್ಮೆಯಾದರೂ ಕೈ ಸುಟ್ಟುಕೊಂಡು ಮಾಡಿ ನೋಡದೆ ಬರೆಯಬೇಡಿ.

ಜನವರಿ ಕೊನೆಯಿಂದ ಮಾವಿನಮಿಡಿ. ಹೊಳೆ, ಹಳ್ಳದ ದಂಡೆಯ ಮರಗಳ ಅಪ್ಪೆಮಿಡಿಗೆ ಬೆಲೆ ಜಾಸ್ತಿ. ತೊಟ್ಟು ಮುರಿದ ಮಿಡಿ, ನೆಲಕ್ಕೆ ಬಿದ್ದ ಮಿಡಿ ಉಪ್ಪಿನಕಾಯಿಗೆ ಬೇಡ, ಬೇಗ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಹಲಸಿನಕಾಯಿ ಹಪ್ಪಳ, ಮುರುಗಲು (ಕೋಕಂ), ಕುಮಟಾದ ಸಿಹಿ ಈರುಳ್ಳಿ. ಹೆದ್ದಾರಿ ಬದಿ ಅದರ ಜಡೆಗಳು ತೂಗಾಡುತ್ತಿರುತ್ತವೆ, ನೋಡಿರಬಹುದು. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ) ಗುರುತು ಸಿಕ್ಕಿದೆ. ಅದರ ರಸಾಯನಕ್ಕೆ ಬೆಲ್ಲ ಬಹಳ ಬೇಡ. ಮಳೆ ಬಿದ್ದರೆ ಕೆಸು, ಕಳಲೆ (ಎಳೆ ಬಿದಿರು), ಪತ್ರೊಡೆ. ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಅಕ್ಕಿ ಉಪ್ಪುನೀರನ್ನೂ ತಾಳಿಕೊಳ್ಳುವ ತಳಿ. ಮಾಣಿಕಟ್ಟೆ ಕಡೆ ಹೋದರೆ ಬೆಳೆಯುವವರನ್ನೇ ಮಾತಾಡಿಸಿ.

ಸಸ್ಯಾಹಾರ ಅಂದರೆ ಹವ್ಯಕರ ಅಡುಗೆ ಮಾತ್ರ ಅಂದುಕೊಳ್ಳುವುದು ನಮ್ಮ ಘಟ್ಟದ ಮೇಲಿನವರ ಒಂದು ಚಟ. ಕರಾವಳಿಗೆ ಇಳಿಯಿರಿ. ಮೀನು ತಿನ್ನುವ ಮನೆಗಳಲ್ಲೂ ಹಬ್ಬದ ದಿನ, ಉಪವಾಸದ ದಿನ, ಶ್ರಾವಣದಲ್ಲಿ ಎಂಥ ಅಡುಗೆ ಆಗುತ್ತದೆ! ಕಾರವಾರದ ಕೊಂಕಣಿ ಮನೆಯ ಖತಖತೆಗೆ ಹತ್ತಾರು ತರಕಾರಿ, ಜೊತೆಗೆ ತೆಫಳ ಅನ್ನುವ ಮಸಾಲೆಕಾಯಿಯ ಘಮ. ಅಂಕೋಲೆ, ಕುಮಟಾ ಸಂತೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಸಮುದಾಯದ ಹೆಂಗಸರಿಗೆ ಗೊತ್ತಿರುವ ಸೊಪ್ಪಿನ ಹೆಸರು ನನಗಿನ್ನೂ ಅರ್ಧವೂ ಬಾಯಿಗೆ ಬಂದಿಲ್ಲ. ಹೋದಾಗ ಸುಮ್ನೆ ಫೋಟೋ ಹೊಡೆದು ಬರಬೇಡಿ. ಸೊಪ್ಪು ಕೊಳ್ಳಿ, ಹೇಗೆ ಮಾಡೋದು ಅಂತ ಕೇಳಿ, ಮುಂದಿನ ವಾರ ಹೋಗಿ ಹೇಗಾಯಿತು ಅಂತ ಹೇಳಿ. ಮೂರನೇ ವಾರಕ್ಕೆ ಅವರೇ ಮಾತು ಶುರು ಮಾಡುತ್ತಾರೆ.

ಕಾಡಿನ ಸಾಮಾನು ಬರೆಯುವಾಗ ಹುಷಾರು. ಕಳಲೆಯನ್ನು ಹೆಚ್ಚಿ ಮೂರು ದಿನ ನೀರಲ್ಲಿ ಇಟ್ಟು, ದಿನಾ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ಕೆಸುವಿಗೆ ಹುಳಿ ಬೀಳದಿದ್ದರೆ ಗಂಟಲು ತುರಿಸುತ್ತದೆ. ನಮಗೆ ಇದು ಹುಟ್ಟಿದಾಗಿನಿಂದ ಗೊತ್ತು, ಹಾಗಾಗಿ ಬರೆಯಲು ಮರೆಯುತ್ತೇವೆ. ಬೆಂಗಳೂರಿನ ಫ್ಲಾಟಿನಲ್ಲಿ ಓದುವವರಿಗೆ ಗೊತ್ತಿಲ್ಲ. ಕಾಡಿನ ಅಣಬೆಯ ಬಗ್ಗೆ ನಾನು ಬರೆಯುವುದೇ ಇಲ್ಲ. ಗುರುತು ತಪ್ಪಿದರೆ ಜೀವ ಹೋಗುತ್ತದೆ.

ನಾಲ್ಕನೇ ಹೆಜ್ಜೆ: ಕೋರ್ಸ್ ಬೇಕಾ?

ದೊಡ್ಡ ಹೋಟೆಲಿನಲ್ಲಿ ಬಾಣಸಿಗರಾಗುವ ಆಸೆ ಇದ್ದರೆ ಬೇಕು. ಪಿಯುಸಿ ಆದ ಮೇಲೆ ಎನ್‌ಸಿಎಚ್‌ಎಂ ಜೆಇಇ ಅನ್ನುವ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಂಥಲ್ಲಿ ಸೇರಬಹುದು. ಅಲ್ಲಿ ಮಾಂಸದ ಅಡುಗೆಯೂ ಪಾಠದಲ್ಲಿ ಇರುತ್ತದೆ. ಸಸ್ಯಾಹಾರಿಗಳು ಸೇರುವ ಮೊದಲೇ ಆ ಬಗ್ಗೆ ಕೇಳಿಕೊಳ್ಳಿ. ಉಪ್ಪಿನಕಾಯಿ, ಹಪ್ಪಳ, ಜಾಮ್ ಕಡೆ ಹೋಗುವವರಿಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಚಿಕ್ಕ ಅವಧಿಯ ತರಬೇತಿ ಕೊಡುತ್ತದೆ.

ಕೋರ್ಸ್ ಮಾಡಿ, ಬಿಡಿ, ಸಸ್ಯಾಹಾರಿ ಬಾಣಸಿಗರು ಅನ್ನಿಸಿಕೊಳ್ಳುವವರು ಡಬ್ಬದ ಹಿಂದಿನ ಸಣ್ಣ ಅಕ್ಷರ ಓದಲೇಬೇಕು. ಜೆಲಾಟಿನ್ ಪ್ರಾಣಿಗಳದ್ದು. ಕೆಲವು ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಥಾಯ್ ಕರಿ ಪೇಸ್ಟ್‌ನಲ್ಲಿ ಬಹಳ ಸಲ ಸೀಗಡಿ ಇರುತ್ತದೆ. ಹಸಿರು ಚೌಕದೊಳಗಿನ ಹಸಿರು ಚುಕ್ಕಿ ನೋಡಿಯೇ ಕೊಳ್ಳಿ. ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನುವವರು, ಗಡ್ಡೆ ಬೇಡ ಅನ್ನುವ ಜೈನರು, ಹಾಲು ತುಪ್ಪವೂ ಬೇಡ ಅನ್ನುವ ವೀಗನ್‌ಗಳು, ಎಲ್ಲರೂ ಗಿರಾಕಿಗಳೇ. ಮೊದಲಿನವರಿಗೆ ನಮ್ಮ ಪಂಕ್ತಿ ಅಡುಗೆ ಹೇಳಿ ಮಾಡಿಸಿದ ಹಾಗಿದೆ. ವೀಗನ್‌ಗಳಿಗೆ ತುಪ್ಪದ ಬದಲು ಕೊಬ್ಬರಿ ಎಣ್ಣೆ ಹಾಕಿದರೆ ಅರ್ಧ ಅಡುಗೆ ದಾಟುತ್ತದೆ. ತಂಬುಳಿ ಮಾತ್ರ ದಾಟುವುದಿಲ್ಲ. ಕಾಯಿಹಾಲಿಗೆ ನಿಂಬೆ ಹಿಂಡಿ ತಂಬುಳಿ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಐದನೇ ಹೆಜ್ಜೆ: ಕಾಗದಪತ್ರ

ಮನೆಯಿಂದ ಉಪ್ಪಿನಕಾಯಿ ಮಾರಿದರೂ, ಊಟ ಕಟ್ಟಿಕೊಟ್ಟರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆ ಮನೆ ಅಂತ ರಿಯಾಯಿತಿ ಕೊಡುವುದಿಲ್ಲ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. 14 ಅಂಕಿಯ ನಂಬರ್ ಸಿಗುತ್ತದೆ, ಅದು ಪ್ಯಾಕೆಟ್ ಮೇಲೆ ಬರಬೇಕು. ಜೊತೆಗೆ ಪದಾರ್ಥಗಳ ಪಟ್ಟಿ (ಜಾಸ್ತಿ ಇರುವುದು ಮೊದಲು), ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ವಿಳಾಸ, ಹಸಿರು ಚುಕ್ಕಿ.

ಆರನೇ ಹೆಜ್ಜೆ: ಈಗ ಬರೆಯಿರಿ

ಕನ್ನಡದಲ್ಲಿ ಸಸ್ಯಾಹಾರದ ಬಗ್ಗೆ ಬರೆಯುವುದು ಹೊಸದೇನಲ್ಲ. 16ನೇ ಶತಮಾನದ ಮೊದಲಲ್ಲೇ ಮೂರನೇ ಮಂಗರಸ ಸೂಪಶಾಸ್ತ್ರ ಬರೆದ, ಅದೂ ಷಟ್ಪದಿಯಲ್ಲಿ. ಬದನೆಕಾಯಿಗೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ನಮಗೆ ಪದ್ಯ ಬೇಡ, ಗದ್ಯ ನೆಟ್ಟಗಿದ್ದರೆ ಸಾಕು.

ಆ ಅಪ್ಪೆಹುಳಿಯನ್ನು ನಾನು ಆಮೇಲೆ ಬರೆದದ್ದು ಹೀಗೆ:

"ನಾಲ್ಕು ಜನಕ್ಕೆ. ಹುಳಿ ಇರುವ ಮಾವಿನಕಾಯಿ 150 ಗ್ರಾಂ. ಸಿಪ್ಪೆ ಸಮೇತ ಮುಳುಗುವಷ್ಟು ನೀರಲ್ಲಿ ಬೇಯಿಸಿ. ಬೆರಳಿಂದ ಒತ್ತಿದರೆ ಸಿಪ್ಪೆ ಕಳಚಿಕೊಳ್ಳಬೇಕು. ತಣಿದ ಮೇಲೆ ಕಿವುಚಿ, ಸಿಪ್ಪೆ ಗೊರಟು ತೆಗೆಯಿರಿ. ಬೇಯಿಸಿದ ನೀರೂ ಸೇರಿ ಒಟ್ಟು 1 ಲೀಟರ್ ಆಗುವಷ್ಟು ನೀರು, 10 ಗ್ರಾಂ ಉಪ್ಪು, ಸೀಳಿದ ಎರಡು ಸೂಜಿಮೆಣಸು ಹಾಕಿ. ಸೂಜಿಮೆಣಸು ಸಿಗದಿದ್ದರೆ ಒಂದು ಹಸಿಮೆಣಸು. ಒಂದು ಚಮಚ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗು, ಕರಿಬೇವಿನ ಒಗ್ಗರಣೆ. ಲೋಟಕ್ಕೆ ಹೊಯ್ದರೆ ಮಜ್ಜಿಗೆಗಿಂತ ತೆಳ್ಳಗಿರಬೇಕು. ಒಂದು ಗುಟುಕು ಕುಡಿದಾಗ ಒಂದು ಕಣ್ಣು ಮುಚ್ಚಿಕೊಂಡರೆ ಹುಳಿ ಸರಿ ಇದೆ. ಎರಡೂ ಮುಚ್ಚಿದರೆ ಅರ್ಧ ಲೋಟ ನೀರು ಸೇರಿಸಿ. ಕಾಯಿ ಸಪ್ಪೆಯಿದ್ದರೆ ಇನ್ನೊಂದು ಹೋಳು ಬೇಯಿಸಿ ಹಾಕಿ, ಹುಣಸೆ ಬೇಡ."

ತೂಕದ ಜೊತೆಗೆ ಗುರುತು ಹೇಳಿದ್ದೇನೆ, ಗಮನಿಸಿ. ತೂಕ ಒಂದೇ ಇದ್ದರೆ ರಾಯಚೂರಿನ ಕಾಯಿಗೆ ಹೊಂದುವುದಿಲ್ಲ, ಗುರುತು ಒಂದೇ ಇದ್ದರೆ ಹೊಸಬರಿಗೆ ದಿಕ್ಕು ತೋಚುವುದಿಲ್ಲ. ಮಧ್ಯಾಹ್ನ ಕುಡಿದರೆ ನಿದ್ದೆ ಎಳೆಯುತ್ತದೆ ಅಂತಲೂ ಒಂದು ಸಾಲು ಸೇರಿಸಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಜನ ಬರೆದದ್ದು ಆ ಸಾಲಿನ ಬಗ್ಗೆಯೇ.

"ಹದವಾಗಿ", "ಬೇಕಾದಷ್ಟು", "ರುಚಿಗೆ ತಕ್ಕಷ್ಟು" ಈ ಮೂರು ಮಾತನ್ನು ಬರೆದ ಮೇಲೆ ಹುಡುಕಿ ಹುಡುಕಿ ಹೊಡೆದು ಹಾಕಿ. ಅಡುಗೆಯ ಹಿಂದಿನ ಕತೆ ಇರಲಿ, ಆದರೆ ಅಮ್ಮಮ್ಮನ ಮಮತೆಯ ಮೇಲೆ ಎರಡು ಪುಟ ಬೇಡ. ಅವಳು ಬಾಣಲೆಯಲ್ಲಿ ಏನು ಮಾಡಿದಳು ಅಂತ ಹೇಳಿ.

ಬೇರೆಯವರ ಬರಹವನ್ನು ಎತ್ತಬೇಡಿ. ಒಂದು ಅಡುಗೆಗೆ ಏನೇನು ಹಾಕುತ್ತಾರೆ ಅನ್ನುವುದು ಯಾರ ಸ್ವತ್ತೂ ಅಲ್ಲ. ಆದರೆ ಅದನ್ನು ವಿವರಿಸಿದ ಮಾತು, ತೆಗೆದ ಫೋಟೋ ಅವರವರದ್ದು. ಯಾರದ್ದೋ ಮನೆಯಲ್ಲಿ ಕಲಿತದ್ದಾದರೆ ಅವರನ್ನು ಕೇಳಿ, ಒಪ್ಪಿದರೆ ಹೆಸರು ಹಾಕಿ. ನನ್ನ ಒಂದು ಕೆಸುವಿನ ಕರಕಲಿ ಪಾಕವನ್ನು ಒಬ್ಬರು ಅಕ್ಷರ ತಪ್ಪಿನ ಸಮೇತ ನಕಲು ಮಾಡಿ ಅಚ್ಚು ಹಾಕಿಸಿಕೊಂಡಿದ್ದರು. ಸಿಟ್ಟಿಗಿಂತ ಆ ತಪ್ಪನ್ನು ಎರಡು ಕಡೆ ನೋಡಬೇಕಾಯಿತಲ್ಲ ಅನ್ನುವ ಸಂಕಟ ಜಾಸ್ತಿ ಆಯಿತು.

ಫೋಟೋಗೆ ಕಿಟಕಿ ಪಕ್ಕದ ಬೆಳಕು, ಬಾಳೆಎಲೆ, ಫೋನ್ ಸಾಕು.

ಏಳನೇ ಹೆಜ್ಜೆ: ದುಡ್ಡಿನ ಮಾತು

ಬರೆಯುವುದರಿಂದ ಮಾತ್ರ ಮನೆ ನಡೆಯುವುದಿಲ್ಲ, ನೇರವಾಗಿ ಹೇಳಿಬಿಡುತ್ತೇನೆ. ಸಣ್ಣ ಊಟದ ಆರ್ಡರ್, ಹೋಮ್‌ಸ್ಟೇಗಳಿಗೆ ಅಡುಗೆ, ವಾರಕ್ಕೊಂದು ಕ್ಲಾಸ್, ಮಿಡಿ ಉಪ್ಪಿನಕಾಯಿ, ಇವು ಮನೆ ನಡೆಸುತ್ತವೆ. ಬರಹ ನಿಮ್ಮ ಹೆಸರನ್ನು ದೂರದವರಿಗೆ ಮುಟ್ಟಿಸುತ್ತದೆ, ಆರ್ಡರ್ ಆ ದಾರಿಯಲ್ಲಿ ಬರುತ್ತದೆ.

ಬೆಲೆ ಕಟ್ಟುವಾಗ ಸಾಮಾನಿನ ಖರ್ಚು ಬೆಲೆಯ ಮೂರರಲ್ಲಿ ಒಂದು ಭಾಗ ದಾಟಬಾರದು ಅನ್ನುವುದು ಈ ಧಂದೆಯ ಹಳೇ ಲೆಕ್ಕ. ಒಂದು ಊಟಕ್ಕೆ ಸಾಮಾನು 45 ರೂಪಾಯಿ ಬಿದ್ದರೆ 135ಕ್ಕೆ ಕಡಿಮೆ ಒಪ್ಪಬೇಡಿ. ಉಳಿದದ್ದರಲ್ಲಿ ಗ್ಯಾಸ್, ಗಾಡಿ, ಎಲೆ, ಪಾತ್ರೆ ತೊಳೆಯುವವರ ಕೂಲಿ, ಕಡೆಗೆ ನಿಮ್ಮ ಕೂಲಿ. "ಮನೆ ಕಾಯಿ, ಮನೆ ಬೆಲ್ಲ" ಅಂತ ಅವುಗಳ ಬೆಲೆಗೆ ಸೊನ್ನೆ ಹಾಕುವವರೇ ನಮ್ಮಲ್ಲಿ ಜಾಸ್ತಿ. ಮನೆ ಕಾಯಿಗೂ ಪೇಟೆ ಬೆಲೆ ಹಾಕಿ. ಅರ್ಧ ಮುಂಗಡ ತೆಗೆದುಕೊಳ್ಳಿ, ನೆಂಟರಾದರೂ. ನೆಂಟರಾದರೆ ಮೊದಲೇ ತೆಗೆದುಕೊಳ್ಳಿ.

ಕ್ಲಾಸ್ ನಡೆಸುವುದನ್ನು ಸಣ್ಣದು ಅಂದುಕೊಳ್ಳಬೇಡಿ. ತರಲಾ ದಲಾಲ್ 1966ರಲ್ಲಿ ಮುಂಬೈಯ ತಮ್ಮ ಮನೆಯಲ್ಲೇ ಅಡುಗೆ ಕಲಿಸಲು ಶುರು ಮಾಡಿದರು. ಮೊದಲ ಪುಸ್ತಕ ಬಂದದ್ದು 1974ರಲ್ಲಿ. ಆಮೇಲೆ ನೂರಕ್ಕೂ ಜಾಸ್ತಿ ಪುಸ್ತಕ, 2007ರಲ್ಲಿ ಪದ್ಮಶ್ರೀ. ನಡುವಿನ ಆ ಎಂಟು ವರ್ಷ ಕಲಿಯಲು ಬಂದವರು ಎಷ್ಟು ಪ್ರಶ್ನೆ ಕೇಳಿರಬಹುದು, ಯೋಚನೆ ಮಾಡಿ. ಜನ ಎಲ್ಲೆಲ್ಲಿ ಎಡವುತ್ತಾರೆ ಅನ್ನುವುದು ಕಲಿಸಿದವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ, ಅಲ್ವಾ?

ಕಳಿಸುವ ಮೊದಲು

ಬರೆದದ್ದನ್ನು ಪತ್ರಿಕೆಗೋ ಪ್ರಕಾಶಕರಿಗೋ ಕಳಿಸುವ ಮೊದಲು ಅಡುಗೆ ಬಾರದ ಒಬ್ಬರ ಕೈಗೆ ಕೊಡಿ. ಅವರು ಓದಿಕೊಂಡು ಮಾಡಲಿ. ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿ ಮುಚ್ಚಿಕೊಂಡಿರಬೇಕು. ಅದೇ ಕಷ್ಟ. ನಾನು ಪಕ್ಕದ ಮನೆ ಮಾಣಿಯನ್ನು ಕರೆಯುತ್ತೇನೆ, ಇಂಜಿನಿಯರಿಂಗ್ ಓದುತ್ತಿದ್ದಾನೆ, ಚಹಾ ಬಿಟ್ಟು ಏನೂ ಬರುವುದಿಲ್ಲ. ಮೊನ್ನೆ ಮೊಗೆಕಾಯಿ ತೆಳ್ಳೇವು (ತೆಳು ದೋಸೆ) ಮಾಡಲು ಕೊಟ್ಟಿದ್ದೆ. ಹಿಟ್ಟು ಸರಿಯಾಗಿಯೇ ಬೀಸಿದ. ಕಾವಲಿ ಇಟ್ಟ. ಸೌಟು ಹಿಡಿದು ಐದು ನಿಮಿಷ ಸುಮ್ಮನೆ ನಿಂತ. ಕಾವಲಿಯಿಂದ ಹೊಗೆ ಬರುತ್ತಿತ್ತು. ಕಡೆಗೆ ತಿರುಗಿ, "ಅಕ್ಕಾ, ಕಾವಲಿ ಕಾದ ಮೇಲೆ ಅಂತ ಬರದ್ದೆ. ಕಾದಿದ್ದು ಗೊತ್ತಾಗೋದು ಹ್ಯಾಂಗೆ?" ಅಂದ.

ನಾನು ಪೆನ್ನು ತೆಗೆದು ಬರೆದುಕೊಂಡೆ: ನೀರು ಚಿಮುಕಿಸಿದರೆ ಹನಿ ಚುಂಯ್ ಅಂದು ಕಾವಲಿ ಮೇಲೆ ಓಡಬೇಕು.